ಪ್ಯಾರಿಸ್–ಲಂಡನ್: ಟಿಕೆಟ್ ಹೇಳದ ಗಂಟೆಗಳು

ಕೆಲಸದ ನಿಮಿತ್ತ ಪ್ಯಾರಿಸ್‌ನಿಂದ ಲಂಡನ್‌ಗೆ ಆಗಾಗ ಹೋಗಿಬರುತ್ತೇನೆ. ಇಲ್ಲಿಗೆ ಹೊಸದಾಗಿ ಬಂದ ಕನ್ನಡಿಗರು ನನ್ನನ್ನು ಕೇಳುವುದು, ‘ವಿಮಾನದಲ್ಲಿ ಎಷ್ಟು ಹೊತ್ತು?’ ಎಂದು. ವಿಮಾನವಾಗಲಿ ರೈಲಾಗಲಿ, ಮನೆ ಬಾಗಿಲಿನಿಂದ ಹೋಗಬೇಕಾದ ಬಾಗಿಲಿನವರೆಗೆ ಎಷ್ಟು ಹೊತ್ತು ಎಂದು ನಾನು ಲೆಕ್ಕ ಹಾಕುತ್ತೇನೆ.

ಮೊದಲು ದೂರ. ಇದಕ್ಕೆ ಒಂದು ಚೀಟಿ ಸಾಕು. ಪ್ಯಾರಿಸ್‌ನ ಅಕ್ಷಾಂಶ 48.86, ಲಂಡನ್‌ನದು 51.51, ವ್ಯತ್ಯಾಸ 2.65 ಡಿಗ್ರಿ. ಡಿಗ್ರಿಗೆ ಸುಮಾರು 111 ಕಿ.ಮೀ.ಯಂತೆ ಉತ್ತರಕ್ಕೆ 294 ಕಿ.ಮೀ. ರೇಖಾಂಶದ ವ್ಯತ್ಯಾಸ 2.48 ಡಿಗ್ರಿ. ಧ್ರುವದತ್ತ ಹೋದಂತೆ ರೇಖಾಂಶಗಳು ಒತ್ತಾಗುವುದರಿಂದ ಇಲ್ಲಿ ಡಿಗ್ರಿಗೆ 71 ಕಿ.ಮೀ. ಮಾತ್ರ, ಪಶ್ಚಿಮಕ್ಕೆ 176. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ನೇರ ದೂರ 343 ಕಿ.ಮೀ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಇಷ್ಟು ಸಣ್ಣ ದೂರಕ್ಕೆ ಧಾರಾಳವಾಗಿ ಸಾಕು. ರೈಲಿನ ಹಳಿ ಮಾತ್ರ ಲಿಲ್ ನಗರದ ಕಡೆಯಿಂದ ಸುತ್ತಿ, ಕಡಲಡಿಯ ಸುರಂಗ ದಾಟಿ, ಸುಮಾರು 490 ಕಿ.ಮೀ. ಆಗುತ್ತದೆ.

ವಿಮಾನ ಆಕಾಶದಲ್ಲಿರುವುದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಟಿಕೆಟ್‌ನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ಎಂದಿರುತ್ತದೆ, ಏಕೆಂದರೆ ಅಲ್ಲಿ ಎಣಿಸುವುದು ವಿಮಾನ ಗೇಟು ಬಿಟ್ಟಾಗಿನಿಂದ ಇನ್ನೊಂದು ಗೇಟು ಸೇರುವವರೆಗೆ. ಪ್ಯಾರಿಸ್‌ನ ಚಾರ್ಲ್ಸ್ ದ ಗಾಲ್ ವಿಮಾನ ನಿಲ್ದಾಣದಲ್ಲಿ ರನ್‌ವೇವರೆಗಿನ ಓಡಾಟವೇ ಉದ್ದ. ಲಂಡನ್‌ನ ಹೀಥ್ರೂ ಬಳಿ ದಟ್ಟಣೆಯಿದ್ದರೆ ಇಳಿಯುವ ಸರದಿಗಾಗಿ ಹತ್ತಿರದ ಬಿಗಿನ್ ಹಿಲ್ ಅಥವಾ ಲ್ಯಾಂಬೋರ್ನ್ ಎಂಬ ಊರುಗಳ ಮೇಲೆ ಸುತ್ತು ಹಾಕಿಸುತ್ತಾರೆ. ಗಡಿಯಾರವನ್ನೂ ಗಮನಿಸಬೇಕು: ಲಂಡನ್ ಒಂದು ಗಂಟೆ ಹಿಂದಿದೆ. ಬೆಳಿಗ್ಗೆ 10ಕ್ಕೆ ಹೊರಟ ವಿಮಾನ 10.20ಕ್ಕೆ ತಲುಪುತ್ತದೆ, ಮರಳುವಾಗ 10ಕ್ಕೆ ಹೊರಟರೆ 12.20. ಎರಡೂ ದೇಶಗಳು ಬೇಸಿಗೆ ಸಮಯಕ್ಕೆ ಒಂದೇ ದಿನ ಬದಲಾಗುವುದರಿಂದ ಈ ಒಂದು ಗಂಟೆ ವರ್ಷವಿಡೀ ಹಾಗೆಯೇ ಇರುತ್ತದೆ.

ಈಗ ಉಳಿದದ್ದನ್ನು ಕೂಡಿಸೋಣ. ಪ್ಯಾರಿಸ್‌ನ ಗಾರ್ ದ್ಯು ನೋರ್ ರೈಲು ನಿಲ್ದಾಣದಿಂದ ಆರ್‌ಇಆರ್ ಬಿ ಎಂಬ ಉಪನಗರ ರೈಲಿನಲ್ಲಿ ವಿಮಾನ ನಿಲ್ದಾಣಕ್ಕೆ ಅರ್ಧ ಗಂಟೆಗೂ ಹೆಚ್ಚು. ಎರಡು ಗಂಟೆ ಮುಂಚೆ ಅಲ್ಲಿರಬೇಕು. ಹೀಥ್ರೂನಲ್ಲಿ ಪಾಸ್‌ಪೋರ್ಟ್ ಸಾಲು, ಆಮೇಲೆ ಎಲಿಜಬೆತ್ ಮಾರ್ಗದ ರೈಲು. ಹೇಗೆ ಕೂಡಿದರೂ ಐದು ಗಂಟೆ ದಾಟುತ್ತದೆ. ಇನ್ನು ರೈಲು: ಸುರಂಗ ದಾಟಿ ಹೋಗುವ ಯೂರೋಸ್ಟಾರ್ ಓಡುವುದು ಎರಡು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು, ಅದೂ ಊರ ಮಧ್ಯದಿಂದ ಊರ ಮಧ್ಯಕ್ಕೆ. ಫ್ರೆಂಚ್ ಮತ್ತು ಬ್ರಿಟಿಷ್ ತಪಾಸಣೆಗಳೆರಡೂ ಪ್ಯಾರಿಸ್‌ನಲ್ಲಿಯೇ ಮುಗಿಯುತ್ತವೆ. ಅದಕ್ಕೆ ಒಂದೂವರೆ ಗಂಟೆ ಇಟ್ಟುಕೊಂಡರೂ ನಾಲ್ಕು ಗಂಟೆಯೊಳಗೆ ಲಂಡನ್‌ನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದಿಂದ ಹೊರಬಂದಿರುತ್ತೇನೆ.

ಭಾರತೀಯ ಪಾಸ್‌ಪೋರ್ಟ್‌ನಲ್ಲಿ ಪ್ರವಾಸಕ್ಕೆ ಬಂದವರಿಗೆ ಒಂದು ಮಾತು: ಫ್ರಾನ್ಸ್ ಮತ್ತಿತರ ಯುರೋಪಿನ ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ ಬ್ರಿಟನ್ನಿಗೆ ನಡೆಯುವುದಿಲ್ಲ, ಬೇರೆಯೇ ವೀಸಾ ಬೇಕು. ಲಂಡನ್ ನೋಡಿ ಪ್ಯಾರಿಸ್‌ಗೆ ಮರಳುವವರು ಬಹುಪ್ರವೇಶದ ಷೆಂಗೆನ್ ವೀಸಾವನ್ನೇ ಪಡೆದಿರಬೇಕು.

ನಾನು ವಿಮಾನವನ್ನು ಆರಿಸುವುದು ಹೀಥ್ರೂನಿಂದಲೇ ಮುಂದಿನ ವಿಮಾನ ಹಿಡಿಯಬೇಕಾದಾಗ, ಅದೂ ಎರಡೂ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದಾಗ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಬೇರೆ ಏರ್ಪಾಡು ಮಾಡುವ ಹೊಣೆ ಆಗ ವಿಮಾನ ಸಂಸ್ಥೆಯದೇ.