ಕಂತು ಪೂರ್ತಿ ಬರದ ವರ್ಷ ಐದು ಲ್ಯಾಬ್‌ಗಳನ್ನು ನಡೆಸಿದ ಲೆಕ್ಕ

ಐದು ಲ್ಯಾಬ್‌ಗಳು ಸೇರಿ ಹಾಲಿನಲ್ಲಿರುವ ಅಫ್ಲಾಟಾಕ್ಸಿನ್ ಎಂ1 (ಬೂಷ್ಟು ಹಿಡಿದ ಮೇವಿನಿಂದ ಹಾಲಿಗೆ ಬರುವ ವಿಷ) ಅಳೆಯುವ ಯೋಜನೆ ನಮ್ಮದು. ಸರ್ಕಾರದ ಅನುದಾನದ ಎರಡನೇ ವರ್ಷದ ಕಂತು ಪೂರ್ತಿ ಬರಲಿಲ್ಲ. ಇಂಥ ಹೊತ್ತಿನಲ್ಲಿ ‘ಎಲ್ಲರಿಗೂ ಸಮನಾಗಿ ಕಡಿತ ಮಾಡೋಣ’ ಎಂಬ ಮಾತು ಮೊದಲು ಬರುತ್ತದೆ. ಹಾಗೆ ಮಾಡಿದರೆ ಐದೂ ಕಡೆ ಅರೆಬರೆ ಕೆಲಸವಾಗುತ್ತದೆ, ವರದಿಗೆ ಸಾಲುವಷ್ಟು ದತ್ತಾಂಶ ಎಲ್ಲೂ ಸಿಗುವುದಿಲ್ಲ. ಮುಂದೆ ದುಡ್ಡು ಬಂದರೂ ವಾಪಸು ಸಿಗದೇ ಇರುವುದು ಯಾವುದು ಅಂತ ಪಟ್ಟಿ ಮಾಡಿ, ಅದಕ್ಕೆ ಮೊದಲು ಹಣ ಇಟ್ಟೆವು.

ಪಟ್ಟಿಯಲ್ಲಿ ಮೊದಲು ಇದ್ದದ್ದು ಮಳೆಗಾಲದ ಹಾಲಿನ ಮಾದರಿ. ಕಡಲೆಕಾಯಿ ಹಿಂಡಿ, ಹತ್ತಿಕಾಳು ಹಿಂಡಿ ತೇವಕ್ಕೆ ಬೂಷ್ಟು ಹಿಡಿಯುವ ಕಾಲ ಅದು. ಹಸು ತಿಂದ ಒಂದು ದಿನದೊಳಗೆ ಹಾಲಿನಲ್ಲಿ ಎಂ1 ಕಾಣುತ್ತದೆ, ಹಿಂಡಿ ಬದಲಿಸಿದರೆ ಮೂರು-ನಾಲ್ಕು ದಿನಕ್ಕೆ ಇಳಿಯುತ್ತದೆ. ಮಾದರಿ ತರುವ ಖರ್ಚು ಕಡಿಮೆ, ಪರೀಕ್ಷೆಯ ಖರ್ಚು ಜಾಸ್ತಿ. ಆದ್ದರಿಂದ ಸಂಗ್ರಹ ಮುಂದುವರಿಸಿ ಪರೀಕ್ಷೆ ಮುಂದೂಡಿದೆವು. ಪ್ರತಿ ಮಾದರಿಗೆ 10 ಮಿ.ಲೀ.ನ ಮೂರು ಟ್ಯೂಬ್, ಮೈನಸ್ 20 ಡಿಗ್ರಿಯಲ್ಲಿ. ಒಂದೇ ಬಾಟಲಿಯಾದರೆ ಮತ್ತೆ ಮತ್ತೆ ಕರಗಿಸಬೇಕಾಗುತ್ತದೆ. ಪ್ರಮಾಣ ಗೊತ್ತಿರುವ ಎಂ1 ಬೆರೆಸಿದ ಹಾಲನ್ನೂ ಅದೇ ಫ್ರೀಜರ್‌ನಲ್ಲಿಟ್ಟು ಜತೆಗೇ ಪರೀಕ್ಷಿಸಿ. ದಾಸ್ತಾನಿನಲ್ಲಿ ಎಷ್ಟು ಕುಸಿಯಿತು ಅನ್ನುವುದಕ್ಕೆ ಅದೇ ಸಾಕ್ಷಿ. ಮಾರ್ಕರ್ ಬರಹ ಹಿಮಕ್ಕೆ ಒರೆಸಿಹೋಗುತ್ತದೆ, ಮುಚ್ಚಳಕ್ಕೂ ಟ್ಯೂಬಿಗೂ ಎರಡು ಕಡೆ ನಂಬರ್ ಇರಲಿ.

ಹೆಚ್ಚು ಹಣ ಉಳಿದದ್ದು ಎಂ1 ಪರೀಕ್ಷೆಗೆ ಬಳಸುವ ಎಲೈಸಾ ಕಿಟ್‌ನಲ್ಲಿ. ಒಂದು ಪ್ಲೇಟಿಗೆ 96 ಗುಳಿ. ಆರು ಸ್ಟ್ಯಾಂಡರ್ಡ್‌ಗಳನ್ನು (ಹೋಲಿಕೆಗೆಂದು ಪ್ರಮಾಣ ಗೊತ್ತಿರುವ ದ್ರಾವಣ) ಎರಡೆರಡು ಗುಳಿಗೆ ಹಾಕಿದರೆ 12 ಹೋಯಿತು, ಉಳಿದ 84ರಲ್ಲಿ ಎರಡೆರಡು ಗುಳಿಯಂತೆ 42 ಮಾದರಿ. ಲ್ಯಾಬಿಗೆ 15ರಂತೆ ಐದೂ ಕಡೆ ಬೇರೆ ಬೇರೆ ಮಾಡಿದಾಗ ಐದು ಕಿಟ್ ಬೇಕಾಗುತ್ತಿತ್ತು, ಅರ್ಧಕ್ಕಿಂತ ಹೆಚ್ಚು ಗುಳಿ ಮಿಕ್ಕಿ ಅವಧಿ ಮೀರುತ್ತಿದ್ದವು. 75 ಮಾದರಿಯನ್ನೂ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಒಂದೇ ಲ್ಯಾಬಿಗೆ ತರಿಸಿದರೆ ಎರಡೇ ಕಿಟ್ ಸಾಕು. ಹಿಂದಿನ ರಾತ್ರಿ 4 ಡಿಗ್ರಿಯಲ್ಲಿ ಕರಗಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ಕೊಬ್ಬಿನ ಪದರ ತೆಗೆಯಬೇಕು. ಇಲ್ಲಿ ಅವಸರ ಮಾಡಿದರೆ ಒಂದೇ ಮಾದರಿಯ ಎರಡು ಗುಳಿಗಳ ಓದು ಒಂದಕ್ಕೊಂದು ಹೊಂದುವುದಿಲ್ಲ.

ಐದು ಮಾದರಿ ಬೆರೆಸಿ ಒಂದೇ ಪರೀಕ್ಷೆ ಮಾಡುವ ಉಪಾಯವೂ ಇದೆ. ಭಾರತದ ಮಿತಿ ಕೆ.ಜಿ.ಗೆ 0.5 ಮೈಕ್ರೋಗ್ರಾಂ, ಸಮಪ್ರಮಾಣದ ಮಿಶ್ರಣ 0.1ಕ್ಕಿಂತ ಕಡಿಮೆ ಇದ್ದರೆ ಐದೂ ಮಿತಿಯೊಳಗೆ. ಮೀರಿದರೆ ಐದನ್ನೂ ಬಿಡಿಯಾಗಿ ನೋಡಬೇಕು. ನೂರಕ್ಕೆ ಮೂವತ್ತು ಮಾದರಿಗಳು, ಒಂದೇ ಒಂದು ಸೇರಿದರೂ ಮಿಶ್ರಣವನ್ನು 0.1 ದಾಟಿಸುವಷ್ಟು ಕೆಟ್ಟಿದ್ದರೆ ಉಳಿತಾಯವಿಲ್ಲ, ಉಲ್ಟಾ ಖರ್ಚು. ಯಾವ ಮಾದರಿಯಲ್ಲಿ ಎಷ್ಟಿದೆ ಎಂಬ ಹಂಚಿಕೆ ನೋಡುವ ಅಧ್ಯಯನಕ್ಕಂತೂ ಬೇಡವೇ ಬೇಡ.

ಲ್ಯಾಬಿನಲ್ಲಿ ದುಡಿಯುವ ಸಂಶೋಧನಾ ಫೆಲೋಗಳ ಸ್ಟೈಪೆಂಡ್ ಮುಟ್ಟಬೇಡಿ. ಕೈ ಪಳಗಿದವರು ಹೋದರೆ ಹೊಸಬರಿಗೆ ಕಲಿಸಲು ತಿಂಗಳುಗಟ್ಟಲೆ ಬೇಕು. ಎಲ್‌ಸಿ-ಎಂಎಸ್ (ಅತಿ ಸಣ್ಣ ಪ್ರಮಾಣವನ್ನೂ ಅಳೆಯುವ ಯಂತ್ರ) ಪಂಪನ್ನು ಕರೆಂಟ್ ಉಳಿಸಲೆಂದು ಆಗಾಗ ಆರಿಸುವುದೂ ದಡ್ಡತನ, ವ್ಯಾಕ್ಯೂಮ್ ಮತ್ತೆ ಸರಿಹೋಗಲು ಹೊತ್ತು ಹಿಡಿಯುತ್ತದೆ. ಪ್ರವಾಸ, ಹೊಸ ಉಪಕರಣ, ಹೊಸ ಜಿಲ್ಲೆಗಳನ್ನು ಮಾತ್ರ ಕೈಬಿಟ್ಟೆವು.

ಹಣ ನಿಲ್ಲಲು ಎಷ್ಟೋ ಸಲ ಕಾರಣ ನಮ್ಮೊಳಗೇ ಇರುತ್ತದೆ. ಒಂದು ಸಂಸ್ಥೆಯ ಜಿಎಫ್‌ಆರ್ 12-ಎ ಬಳಕೆ ಪ್ರಮಾಣಪತ್ರ (ಅನುದಾನ ಹೇಗೆ ಖರ್ಚಾಯಿತು ಎಂದು ಸರ್ಕಾರಕ್ಕೆ ಕೊಡುವ ನಮೂನೆ) ಬಾರದಿದ್ದರೆ ಉಳಿದ ನಾಲ್ವರ ಕಂತೂ ನಿಲ್ಲಬಹುದು. ಮಾರ್ಚ್ 31ರ ಲೆಕ್ಕವನ್ನು ಏಪ್ರಿಲ್ ಮೊದಲ ವಾರದಲ್ಲೇ ತರಿಸಿಕೊಳ್ಳಿ. ಉಪಕರಣದ ಬಾಬಿನಿಂದ ಕಿಟ್ ಕೊಳ್ಳುವುದಿದ್ದರೆ ಮೊದಲು ಲಿಖಿತ ಅನುಮತಿ, ಆಮೇಲೆ ಆರ್ಡರ್. ಖಾತೆಯಲ್ಲಿ ಬೆಳೆದ ಬಡ್ಡಿಯನ್ನು ಉಳಿತಾಯ ಅಂತ ಎಣಿಸಬೇಡಿ, ಅದು ಸರ್ಕಾರಕ್ಕೆ ವಾಪಸು ಹೋಗಬೇಕಾದದ್ದು.