ಎಲ್ಕ್ ಬೇಟೆಗೆ ಜಾಗ: ಮೊದಲು ಖಾಸಗಿ ಜಮೀನಿನ ನಕ್ಷೆ ನೋಡಿ
ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಜಾಗ ಹುಡುಕುವವರು ಮೊದಲು ರಾಜ್ಯದ ಬ್ಲಾಕ್ ಮ್ಯಾನೇಜ್‌ಮೆಂಟ್ ನಕ್ಷೆಯನ್ನು ತೆರೆದು, ಆ ಯೋಜನೆಯಡಿ ಬೇಟೆಗಾರರಿಗೆ ಉಚಿತ ಪ್ರವೇಶ ನೀಡಿರುವ ಖಾಸಗಿ ಜಮೀನುಗಳಲ್ಲಿ ಯಾವುವು ಬೇರೆ ದಾರಿಯಿಲ್ಲದ ಸರ್ಕಾರಿ ಭೂಮಿಗೆ ಅಂಟಿಕೊಂಡಿವೆ ಎಂಬುದನ್ನು ಗುರುತಿಸಿಕೊಳ್ಳುವುದು ಒಳ್ಳೆಯದು. ಇಂತಹ ಸರ್ಕಾರಿ ತುಂಡುಗಳಿಗೆ ಸಾರ್ವಜನಿಕ ರಸ್ತೆ ಇಲ್ಲದಿರುವುದರಿಂದ ಜನಸಂಚಾರ ಕಡಿಮೆ. ಬೇಟೆಯ ಋತು ಆರಂಭವಾದೊಡನೆ ರಸ್ತೆ ಬದಿಯ ಗದ್ದಲದಿಂದ ದೂರ ಸರಿಯುವ ಹಿಂಡುಗಳು ಆಶ್ರಯ ಪಡೆಯುವುದೂ ಹೆಚ್ಚಾಗಿ ಇಂಥಲ್ಲೇ. ಆ ಖಾಸಗಿ ಜಮೀನನ್ನು ದಾಟಿ ಆಚೆಗೆ ಹೋಗಲು ಅನುಮತಿ ಇದೆಯೇ ಎಂಬುದನ್ನು ಅದರ ನಿಯಮಪತ್ರದಲ್ಲಿ ಓದಿಕೊಳ್ಳಬೇಕು; ಕೆಲವು ಕಡೆ ಮುಂಗಡ ಕಾಯ್ದಿರಿಸುವಿಕೆಯೂ ಅಗತ್ಯ, ಪಟ್ಟಿಯೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಇನ್ನೊಂದು ಸರ್ಕಾರಿ ತುಂಡಿಗೆ ಮೂಲೆಯಲ್ಲಿ ಮಾತ್ರ ತಾಗುವ ಸರ್ಕಾರಿ ತುಂಡುಗಳನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಡಿ: ಖಾಸಗಿ ನೆಲ ಮೆಟ್ಟದೆ ಅಂಥ ಮೂಲೆ ದಾಟುವುದನ್ನು ಒಪ್ಪಿದ 2025ರ ಫೆಡರಲ್ ಮೇಲ್ಮನವಿ ನ್ಯಾಯಾಲಯದ ತೀರ್ಪು ವಯೋಮಿಂಗ್, ಕೊಲೊರಾಡೊ ಮೊದಲಾದ ರಾಜ್ಯಗಳನ್ನು ಒಳಗೊಳ್ಳುತ್ತದೆಯೇ ಹೊರತು ಮೊಂಟಾನಾವನ್ನಲ್ಲ. ಹಿಂಡು ಪ್ರವೇಶವಿಲ್ಲದ ಪಕ್ಕದ ಜಮೀನಿಗೆ ಸರಿದುಹೋಗಿದ್ದರೆ ಈ ಉಪಾಯ ಫಲಿಸುವುದಿಲ್ಲ. ಆಗ ಉಳಿಯುವುದು ಮಾಲೀಕರ ಬಾಗಿಲು ತಟ್ಟುವ ಹಳೆಯ ದಾರಿ, ಅದೂ ಋತುವಿಗೆ ಮುಂಚೆ ಬೇಸಿಗೆಯಲ್ಲೇ, ಮತ್ತು ಕೊಂಬಿನ ಗಂಡಿಗಿಂತ ಹೆಣ್ಣು ಎಲ್ಕ್‌ಗೆ ಅನುಮತಿ ಕೇಳಿದರೆ ಒಪ್ಪಿಗೆ ಸಿಗುವ ಸಂಭವ ಹೆಚ್ಚು.