ಕೈಗುಣ ಎಂದುಕೊಂಡದ್ದು

2019ರಲ್ಲಿ ನನ್ನ ಪಿಎಚ್.ಡಿ.ಯ ಹನ್ನೊಂದು ತಿಂಗಳು ಒಂದೇ ರಿಯಾಕ್ಷನ್‌ಗೆ ಹೋದವು. ಅದು ನಾನು ಹಾಕಿದರೆ ಆಗುತ್ತಿತ್ತು, ಬೇರೆಯವರು ಹಾಕಿದರೆ ಆಗುತ್ತಿರಲಿಲ್ಲ. ಲ್ಯಾಬಿನಲ್ಲಿ ಎಲ್ಲರೂ ಅದನ್ನು ನನ್ನ ಕೈಗುಣ ಎಂದರು. ನಾನೂ ಸ್ವಲ್ಪ ಕಾಲ ಅದನ್ನು ನಂಬಿದೆ. ಸಂಶೋಧನೆಗೆ ಸೇರುತ್ತಿರುವ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ನನ್ನ ಅನುಭವದಲ್ಲಿ ಹೇಳಲೇಬೇಕಾದದ್ದು ಯಾವುದಾದರೂ ಇದ್ದರೆ ಅದು ಈ ಹನ್ನೊಂದು ತಿಂಗಳ ಕಥೆ.

ನಾನು ಸೇರಿದ್ದು 2017ರಲ್ಲಿ, ರಾಜ್ಯದ ಒಂದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ. ಸಿಎಸ್‌ಐಆರ್-ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್, ಅಂದರೆ ಸಂಶೋಧನಾ ಫೆಲೋಶಿಪ್, ಸಿಕ್ಕಿತ್ತು. ಆಗ ತಿಂಗಳಿಗೆ 25,000 ರೂಪಾಯಿ, 2019ರ ಜನವರಿಯಿಂದ 31,000. ಹಣ ತಿಂಗಳು ತಿಂಗಳು ಬರುತ್ತಿರಲಿಲ್ಲ, ನಾಲ್ಕೈದು ತಿಂಗಳಿನದು ಒಟ್ಟಿಗೆ ಬರುತ್ತಿತ್ತು. ಊರಿನಿಂದ ಬಂದು ಬಾಡಿಗೆ ಕೋಣೆಯಲ್ಲಿರುವವರು ಇದಕ್ಕೆ ಮೊದಲೇ ಸಿದ್ಧರಾಗಿರಬೇಕು. ಕೋರ್ಸ್‌ವರ್ಕ್, ಪರೀಕ್ಷೆ, ವಿಷಯದ ನೋಂದಣಿ ಇವೆಲ್ಲ ಮುಗಿಯುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು.

ನಮ್ಮ ಗುಂಪಿನ ಕೆಲಸ ಸುಜುಕಿ ಕಪ್ಲಿಂಗ್. ಎರಡು ಬೆಂಜೀನ್ ಉಂಗುರಗಳನ್ನು ಇಂಗಾಲಕ್ಕೆ ಇಂಗಾಲ ಸೇರಿಸಿ ಜೋಡಿಸುವ ವಿಧಾನ ಅದು. ಇದಕ್ಕಾಗಿ ಅಕಿರಾ ಸುಜುಕಿ ಅವರಿಗೆ ರಿಚರ್ಡ್ ಹೆಕ್ ಮತ್ತು ಐ-ಇಚಿ ನೆಗಿಷಿ ಅವರೊಂದಿಗೆ 2010ರಲ್ಲಿ ನೊಬೆಲ್ ಬಂತು. ರಕ್ತದೊತ್ತಡಕ್ಕೆ ಕೊಡುವ ಲೊಸಾರ್ಟನ್ ಮಾತ್ರೆಯೊಳಗಿನ ಜೋಡಿ ಉಂಗುರವನ್ನು ಕಟ್ಟಲು ಈ ವಿಧಾನ ಬಳಕೆಯಾಗಿದೆ. ತೊಡಕು ಎಂದರೆ ವೇಗವರ್ಧಕವಾಗಿ ಪಲ್ಲಾಡಿಯಂ ಎಂಬ ಲೋಹ ಬೇಕು. ಅದು ದುಬಾರಿ. ಔಷಧಿಯಲ್ಲಿ ಉಳಿದರೂ ಕಷ್ಟ. ನುಂಗುವ ಔಷಧಿಯಿಂದ ದಿನಕ್ಕೆ 100 ಮೈಕ್ರೋಗ್ರಾಂಗಿಂತ ಹೆಚ್ಚು ಪಲ್ಲಾಡಿಯಂ ದೇಹಕ್ಕೆ ಹೋಗಬಾರದು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಅದರ ಬದಲು ಕಬ್ಬಿಣ ಬಳಸಲು ಸಾಧ್ಯವಾದರೆ? ಕಬ್ಬಿಣ ಅಗ್ಗ, ಧಾರಾಳವಾಗಿ ಸಿಗುತ್ತದೆ, ವಿಷವೂ ಅಲ್ಲ. ನನ್ನ ಗೈಡ್ ನನಗೆ ಕೊಟ್ಟ ಪ್ರಶ್ನೆ ಇದೇ.

ಪಿಎಚ್.ಡಿ. ಮುಗಿಸಿ ಹೊರಟಿದ್ದ ಸೀನಿಯರ್ ಒಬ್ಬರ ಬೆಂಚ್ ನನಗೆ ಸಿಕ್ಕಿತು. ಅವರ ಸ್ಟ್ಯಾಂಡು, ಎಣ್ಣೆ ಬಾತ್, ದುಂಡು ತಳದ ಆರ್‌ಬಿ ಫ್ಲಾಸ್ಕ್‌ಗಳು, ಫ್ಲಾಸ್ಕಿನೊಳಗೆ ತಿರುಗುತ್ತ ಮಿಶ್ರಣವನ್ನು ಕಲಕುವ ಪುಟ್ಟ ಮ್ಯಾಗ್ನೆಟಿಕ್ ಬೀಡ್‌ಗಳು ಒಂದು ಡಬ್ಬಿ ತುಂಬ, ಎಲ್ಲವೂ ನನ್ನ ಪಾಲಿಗೆ ಬಂದವು. ಹೊಸದು ಕೊಳ್ಳಲು ಹಣವಿಲ್ಲದ ಲ್ಯಾಬಿನಲ್ಲಿ ಇದು ದೊಡ್ಡ ಆಸ್ತಿ. ಅವರು ಐದು ವರ್ಷ ಮಾಡಿದ್ದು ಪಲ್ಲಾಡಿಯಂ ಕೆಲಸ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಯೋಚಿಸಲಿಲ್ಲ.

ಫೆಬ್ರವರಿಯಲ್ಲಿ ಮೊದಲ ಬಾರಿ ಹಾಕಿದೆ. 4-ಬ್ರೋಮೋಅಸಿಟೋಫಿನೋನ್ 199 ಮಿಲಿಗ್ರಾಂ, ಅಂದರೆ ಒಂದು ಮಿಲಿಮೋಲ್. ಫಿನೈಲ್‌ಬೋರಾನಿಕ್ ಆಮ್ಲ 146, ಪೊಟ್ಯಾಸಿಯಂ ಕಾರ್ಬೊನೇಟ್ 276, ಫೆರಿಕ್ ಕ್ಲೋರೈಡ್ 16 ಮಿಲಿಗ್ರಾಂ. ಸಮಪಾಲು ಎಥನಾಲ್ ಮತ್ತು ನೀರು, 80 ಡಿಗ್ರಿ. ಕಬ್ಬಿಣ ಕಾರ್ಬೊನೇಟಿಗೆ ತಾಗಿದ ಕೂಡಲೇ ಇಟ್ಟಿಗೆ ಬಣ್ಣದ ಗಸಿ ಎದ್ದಿತು. ನಾಲ್ಕು ತಾಸಿನ ನಂತರ ಟಿಎಲ್‌ಸಿ ನೋಡಿದೆ, ಅಂದರೆ ಮಿಶ್ರಣದಲ್ಲಿರುವ ವಸ್ತುಗಳನ್ನು ಒಂದು ಪ್ಲೇಟಿನ ಮೇಲೆ ಬೇರೆ ಬೇರೆ ಸ್ಪಾಟುಗಳಾಗಿ ತೋರಿಸುವ ಪರೀಕ್ಷೆ. ಆರಂಭದ ವಸ್ತುವಿನ ಸ್ಪಾಟೂ ಉತ್ಪನ್ನದ ಸ್ಪಾಟೂ ಒತ್ತೊತ್ತಾಗಿ ನಿಲ್ಲುತ್ತವೆ. ಹಾಗಾಗಿ ಎರಡನ್ನೂ ಒಂದೇ ಚುಕ್ಕೆಯಲ್ಲಿ ಇಟ್ಟು ಹೋಲಿಸಬೇಕು, ಬರೀ ಅಕ್ಕಪಕ್ಕ ಇಟ್ಟರೆ ಕಣ್ಣು ಮೋಸ ಹೋಗುತ್ತದೆ. 254 ನ್ಯಾನೋಮೀಟರ್ ದೀಪದ ಕೆಳಗೆ ಹೊಸ ಸ್ಪಾಟ್ ಕಂಡಿತು. ಕಾಲಂನಲ್ಲಿ ಹಾಯಿಸಿ ಶುದ್ಧಗೊಳಿಸಿದಾಗ 165 ಮಿಲಿಗ್ರಾಂ ಬಿಳಿ ಪುಡಿ ಸಿಕ್ಕಿತು, 84 ಶೇಕಡಾ ಇಳುವರಿ.

ಅಣುವಿನ ರಚನೆಯನ್ನು ಗೆರೆಗಳ ಸ್ಪೆಕ್ಟ್ರಮ್ ಆಗಿ ತೋರಿಸುವ ಎನ್‌ಎಂಆರ್ ಯಂತ್ರ ನಮ್ಮ ವಿಭಾಗದಲ್ಲಿ ಇರಲಿಲ್ಲ. ಸ್ಯಾಂಪಲ್‌ಗಳನ್ನು ಕೂಡಿಟ್ಟು, ರಾತ್ರಿ ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬೆಂಗಳೂರಿಗೆ ಒಯ್ಯುತ್ತಿದ್ದೆವು. ಅಷ್ಟು ದೂರ ಹೋಗಿ ಬಂದ ಮೇಲೆ ಸ್ಪೆಕ್ಟ್ರಮ್‌ನಲ್ಲಿ 1.26, 2.05, 4.12ರಲ್ಲಿ ಎದ್ದ ಗೆರೆಗಳು ಸರಿಯಾಗಿ ಒಣಗಿಸದೆ ಉಳಿದ ಈಥೈಲ್ ಅಸಿಟೇಟ್ ದ್ರಾವಕದವು ಎಂದು ತಿಳಿದರೆ ಹೊಟ್ಟೆ ಉರಿಯುತ್ತದೆ. ಈ ಮೂರು ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳಿ, ವ್ಯಾಕ್ಯೂಮ್ ಪಂಪಿನಲ್ಲಿ ಇನ್ನೊಂದು ತಾಸು ಬಿಡಿ. ನನ್ನ ಸ್ಯಾಂಪಲ್ ಶುದ್ಧವಾಗಿತ್ತು. ಆರಂಭದ ವಸ್ತುವಿನಲ್ಲಿ 2.58ರ ಹತ್ತಿರ ಇದ್ದ ಮೀಥೈಲ್ ಗೆರೆ 2.63ಕ್ಕೆ ಸರಿದಿತ್ತು. ಉಂಗುರಗಳು ಜೋಡಿಯಾಗಿದ್ದವು.

ಒಂದು ಬ್ಲ್ಯಾಂಕ್ ಕೂಡ ಮಾಡಿದೆ. ಕಬ್ಬಿಣ ಹಾಕದೆ, ಉಳಿದದ್ದೆಲ್ಲ ಹಾಗೆಯೇ. ಏನೂ ಆಗಲಿಲ್ಲ. ಕಬ್ಬಿಣವೇ ಕೆಲಸ ಮಾಡುತ್ತಿದೆ ಎಂದು ನನಗೆ ಖಚಿತವಾಯಿತು. ಆ ದಿನ ನನ್ನ ಫ್ಲಾಸ್ಕ್‌ಗಳೆಲ್ಲ ಕೆಲಸದಲ್ಲಿದ್ದವು, ಪಕ್ಕದ ಬೆಂಚಿನಿಂದ ಒಂದು ಫ್ಲಾಸ್ಕನ್ನು ಬೀಡ್ ಸಮೇತ ಎರವಲು ತಂದಿದ್ದೆ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಬರೆಯುವಂಥ ವಿಷಯ ಎಂದು ಅನ್ನಿಸಲೇ ಇಲ್ಲ.

ಜುಲೈ ಹೊತ್ತಿಗೆ ಹದಿನೆಂಟು ಉತ್ಪನ್ನಗಳು ಸಿದ್ಧವಾಗಿದ್ದವು. ಪ್ರಬಂಧದ ಕರಡು ಬರೆದೆ. ಒಂದು ಸಮ್ಮೇಳನಕ್ಕೆ ಸಾರಾಂಶವೂ ಹೋಯಿತು. ಆಗಸ್ಟಿನಲ್ಲಿ ಹಾವೇರಿ ಕಡೆಯ ಹುಡುಗನೊಬ್ಬ ನಮ್ಮ ಗುಂಪಿಗೆ ಸೇರಿದ. ಅಭ್ಯಾಸಕ್ಕೆಂದು ನನ್ನ ರಿಯಾಕ್ಷನ್ ಅವನಿಗೆ ಕೊಟ್ಟರು. ಅವನಿಗೆ ಹೊಸ ಗ್ಲಾಸ್‌ವೇರ್ ಬಂದಿತ್ತು. ಮರುದಿನ ಬೆಳಿಗ್ಗೆ ಟಿಎಲ್‌ಸಿ ಪ್ಲೇಟ್ ಹಿಡಿದು ನಿಂತ. “ಅಕ್ಕಾ, ನನ್ನದು ಆಗಲೇ ಇಲ್ಲ.”

ತೂಕ ತಪ್ಪಿರಬೇಕು ಎಂದೆ. ಮತ್ತೆ ಹಾಕಿದ, ಆಗಲಿಲ್ಲ. ನಾನು ಪಕ್ಕದಲ್ಲಿ ನಿಂತು ಹಾಕಿಸಿದೆ, ಆಗಲಿಲ್ಲ. ಅವನ ಬೆಂಚಿಗೆ ಹೋಗಿ, ಅವನ ಫ್ಲಾಸ್ಕಿನಲ್ಲಿ, ಅವನ ರಾಸಾಯನಿಕಗಳನ್ನೇ ಬಳಸಿ ನಾನು ಹಾಕಿದೆ. ಆಯಿತು! ಅವನು ನನ್ನ ಬೆಂಚಿಗೆ ಬಂದು ನನ್ನ ಬಾಟಲಿಗಳಿಂದ ಹಾಕಿದ. ಆಗಲಿಲ್ಲ. ಕೈಗುಣ ಎಂಬ ಮಾತು ಹುಟ್ಟಿದ್ದು ಅಲ್ಲಿ. ಅವನು ಅದನ್ನು ಗೌರವದಿಂದಲೇ ಹೇಳಿದ. ಆದರೆ ಅವನ ಮುಖ ದಿನೇ ದಿನೇ ಬಾಡುತ್ತಿತ್ತು. ತನಗೆ ರಸಾಯನಶಾಸ್ತ್ರ ಒಲಿಯುವುದಿಲ್ಲವೇನೋ ಎಂದು ಒಮ್ಮೆ ಕೇಳಿಯೇಬಿಟ್ಟ. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ತಪ್ಪು ಇದ್ದದ್ದು ನನ್ನ ಬೆಂಚಿನಲ್ಲಿ, ಅನುಮಾನಪಟ್ಟುಕೊಂಡವನು ಅವನು.

ಎರಡು ತಿಂಗಳು ಒಂದೊಂದನ್ನೇ ಬದಲಿಸಿ ನೋಡಿದೆವು. ಬೋರಾನಿಕ್ ಆಮ್ಲದ ಬಾಟಲಿ, ಕಾರ್ಬೊನೇಟು, ಫೆರಿಕ್ ಕ್ಲೋರೈಡು, ಎಥನಾಲು, ಹಾಟ್ ಪ್ಲೇಟು. ಯಾವುದರಿಂದಲೂ ವ್ಯತ್ಯಾಸವಾಗಲಿಲ್ಲ. ನವೆಂಬರಿನಲ್ಲಿ ಒಂದು ಸಂಜೆ ಗೈಡ್ ನನ್ನ ನೋಟ್‌ಬುಕ್ ಮೊದಲಿನಿಂದ ಓದಿದರು.

“ಬ್ಲ್ಯಾಂಕ್ ಎಷ್ಟು ಸಲ ಮಾಡಿದ್ದೀಯಮ್ಮ?”

“ಒಂದು ಸಲ, ಸರ್.”

“ಯಾವ ಫ್ಲಾಸ್ಕಿನಲ್ಲಿ?”

ನನಗೆ ನೆನಪಿತ್ತು, ಪುಟದಲ್ಲಿ ಇರಲಿಲ್ಲ. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಾಳೆ ನಿನ್ನದರಲ್ಲೇ ಹಾಕು ಎಂದರು.

ಕಬ್ಬಿಣವಿಲ್ಲದೆ, ನನ್ನ ಫ್ಲಾಸ್ಕಿನಲ್ಲಿ, ನನ್ನ ಬೀಡ್ ಹಾಕಿ ಮಾಡಿದ ಬ್ಲ್ಯಾಂಕ್ 79 ಶೇಕಡಾ ಇಳುವರಿ ಕೊಟ್ಟಿತು. ಹದಿನೆಂಟು ಉತ್ಪನ್ನಗಳಲ್ಲಿ ಕಬ್ಬಿಣದ ಪಾತ್ರ ಏನೂ ಇರಲಿಲ್ಲ ಎಂದು ಆ ತೂಕದ ಕಾಗದ ಹೇಳುತ್ತಿತ್ತು. ದ್ರಾವಕವನ್ನು ಆವಿಯಾಗಿಸುವ ರೋಟಾವ್ಯಾಪ್ ಯಂತ್ರದ ಮುಂದೆ ಬಹಳ ಹೊತ್ತು ಕುಳಿತಿದ್ದೆ.

ಮರುದಿನ ನಾಲ್ಕು ಹೊಸ ಫ್ಲಾಸ್ಕ್ ತೆಗೆದುಕೊಂಡೆವು. ಎರಡಕ್ಕೆ ನನ್ನ ಹಳೆಯ ಬೀಡ್, ಎರಡಕ್ಕೆ ಹೊಸ ಬೀಡ್. ಪ್ರತಿ ಜೋಡಿಯಲ್ಲಿ ಒಂದಕ್ಕೆ ಕಬ್ಬಿಣ, ಇನ್ನೊಂದಕ್ಕೆ ಇಲ್ಲ. ಹಳೆಯ ಬೀಡ್ ಇದ್ದ ಎರಡೂ ಆದವು, ಹೊಸ ಬೀಡಿನ ಎರಡೂ ಆಗಲಿಲ್ಲ. ಅವನ ಬೆಂಚಿಗೆ ಹೋದಾಗಲೂ ನಾನು ಅಭ್ಯಾಸಬಲದಿಂದ ಒಯ್ದಿದ್ದು ನನ್ನ ಬೀಡನ್ನೇ, ಅವನು ನನ್ನ ಬೆಂಚಿಗೆ ತಂದದ್ದು ತನ್ನದನ್ನು. ದುಂಡಗಿನ ಆ ಬಿಳಿ ಬೀಡನ್ನು ಭೂತಗನ್ನಡಿಯಲ್ಲಿ ನೋಡಿದೆವು. ಟೆಫ್ಲಾನ್ ಮೈಯಲ್ಲಿ ಗೀರುಗಳು, ಗೀರುಗಳಲ್ಲಿ ಕಪ್ಪು ಚುಕ್ಕೆಗಳು. ಸೀನಿಯರ್ ಬಳಸಿದ ಪಲ್ಲಾಡಿಯಂ ಐದು ವರ್ಷ ಅಲ್ಲಿ ಕುಳಿತಿತ್ತು. ಸಾಮಾನ್ಯವಾಗಿ ಪಲ್ಲಾಡಿಯಂ ಇದ್ದರೆ ಕೊನೆಗೆ ಕಪ್ಪು ಪುಡಿ ಕಾಣುತ್ತದೆ. ನನ್ನ ಫ್ಲಾಸ್ಕಿನಲ್ಲಿ ಕಬ್ಬಿಣದ ಇಟ್ಟಿಗೆ ಬಣ್ಣದ ಗಸಿ ಎಲ್ಲವನ್ನೂ ಮುಚ್ಚಿಬಿಟ್ಟಿತ್ತು. ಮಿಶ್ರಣವನ್ನು ಹೊರಗಡೆಯ ಪ್ರಯೋಗಾಲಯಕ್ಕೆ ಲೋಹದ ಲೇಶವನ್ನೂ ಅಳೆಯುವ ಐಸಿಪಿ-ಎಂಎಸ್ ಪರೀಕ್ಷೆಗೆ ಕಳುಹಿಸಿದೆವು. ಇರಬಾರದ ಪಲ್ಲಾಡಿಯಂ ಅದರಲ್ಲಿ ಇತ್ತು.

ಆ ವಾರ ಅಮ್ಮನಿಗೆ ಫೋನ್ ಮಾಡಿದಾಗ ಇಷ್ಟನ್ನೂ ಹೇಳಿದೆ. ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. “ನಿನ್ನ ಅಜ್ಜಿಯ ಮೊಸರಿನ ಗಡಿಗೆ ಇದ್ದ ಹಾಗೆ. ಅದರಲ್ಲಿ ಹೆಪ್ಪು ಹಾಕುವುದು ಮರೆತರೂ ಹಾಲು ಮೊಸರಾಗುತ್ತಿತ್ತು. ಊರಿನವರು ಅಜ್ಜಿಯ ಕೈಗುಣ ಎನ್ನುತ್ತಿದ್ದರು, ಹೆಪ್ಪು ಗಡಿಗೆಯ ಮಣ್ಣಿನೊಳಗೇ ಇತ್ತು.” ಐದು ವರ್ಷ ಸೆಮಿನಾರುಗಳಲ್ಲಿ ಕುಳಿತ ನನಗೆ ಇದಕ್ಕಿಂತ ಸರಿಯಾದ ವಿವರಣೆ ಯಾರಿಂದಲೂ ಸಿಗಲಿಲ್ಲ. ಥೀಸಿಸ್‌ನ ಆ ಅಧ್ಯಾಯ ಬರೆಯುವಾಗ ಗಡಿಗೆ ಕಣ್ಣ ಮುಂದೆಯೇ ಇತ್ತು.

ಆಮೇಲೆ ಓದಲು ಕುಳಿತೆ. ಮೊದಲೇ ಓದಬೇಕಿತ್ತು. ಲೋಹವೇ ಇಲ್ಲದೆ ಸುಜುಕಿ ಕಪ್ಲಿಂಗ್ ಆಗುತ್ತದೆ ಎಂದು ನಿಕೋಲಸ್ ಲೆಡ್‌ಬೀಟರ್ ಅವರ ಗುಂಪು 2003ರಲ್ಲಿ ಪ್ರಕಟಿಸಿತ್ತು. 2005ರಲ್ಲಿ ಅದೇ ಗುಂಪು ಮರುಪರಿಶೀಲಿಸಿ, ತಾವು ಬಳಸಿದ ಸೋಡಿಯಂ ಕಾರ್ಬೊನೇಟಿನಲ್ಲಿ ನೂರು ಕೋಟಿಗೆ 50 ಭಾಗದಷ್ಟು ಪಲ್ಲಾಡಿಯಂ ಇತ್ತು, ಅದೇ ಕೆಲಸ ಮಾಡಿರಬಹುದು ಎಂದು ತಾನೇ ಬರೆಯಿತು. ಫೆರಿಕ್ ಕ್ಲೋರೈಡಿನ ಹೆಸರಿನಲ್ಲಿ ನಡೆದ ಕೆಲವು ಕ್ರಿಯೆಗಳಲ್ಲಿ ಅದರೊಳಗಿನ ತಾಮ್ರದ ಲೇಶಕ್ಕೆ ದೊಡ್ಡ ಪಾತ್ರವಿದೆ ಎಂದು ಸ್ಟೀಫನ್ ಬುಕ್‌ವಾಲ್ಡ್ ಮತ್ತು ಕಾರ್ಸ್ಟನ್ ಬೋಮ್ 2009ರಲ್ಲಿ ತೋರಿಸಿದ್ದರು. ಬೀಡ್‌ಗಳ ಬಗ್ಗೆಯೇ ಮಾಸ್ಕೋದ ವ್ಯಾಲೆಂಟೈನ್ ಅನನಿಕೋವ್ ಅವರ ತಂಡ 2019ರಲ್ಲಿ ಬರೆದಿತ್ತು. ನಾನು ಸ್ಪಾಟ್ ನೋಡಿ ಹಿಗ್ಗುತ್ತಿದ್ದ ಅದೇ ವರ್ಷ! ತಮ್ಮ ತಪ್ಪನ್ನು ತಾವೇ ಅಚ್ಚು ಹಾಕಿಸಿದ ಲೆಡ್‌ಬೀಟರ್ ಗುಂಪಿನ ಮೇಲೆ ನನಗೆ ಅಪಾರ ಗೌರವ. 2003ರ ಲೇಖನ ಓದಿ ಎಲ್ಲೋ ಒಂದು ಲ್ಯಾಬಿನಲ್ಲಿ ಒಬ್ಬ ಹುಡುಗ “ನನ್ನದು ಆಗಲಿಲ್ಲ” ಎಂದು ಪ್ಲೇಟ್ ಹಿಡಿದು ನಿಂತಿದ್ದರೆ, ಅವನಿಗೆ ಉತ್ತರ ಸಿಕ್ಕಿದ್ದು 2005ರ ಲೇಖನದಿಂದ.

ನಾವು ಸಮ್ಮೇಳನದ ಸಾರಾಂಶವನ್ನು ಹಿಂತೆಗೆದುಕೊಂಡೆವು. ಕರಡು ಎಲ್ಲಿಗೂ ಹೋಗಲಿಲ್ಲ. ಗೈಡ್ ಒಂದು ದಿನವೂ ಬೈಯಲಿಲ್ಲ, ಬೇಗ ಏನಾದರೂ ಪ್ರಕಟಿಸು ಎಂದೂ ಒತ್ತಾಯಿಸಲಿಲ್ಲ. ಆ ಕಾಲದಲ್ಲಿ ಥೀಸಿಸ್ ಸಲ್ಲಿಸಲು ಪ್ರಕಟಿತ ಪ್ರಬಂಧ ಕಡ್ಡಾಯವಾಗಿತ್ತು, ನನ್ನ ಬಳಿ ಒಂದೂ ಇರಲಿಲ್ಲ. ಇಂಥ ಗೈಡ್ ಸಿಗುವುದು ಪುಣ್ಯ. ಸೇರುವ ಮೊದಲು ಅವರ ಪ್ರಬಂಧಗಳ ಸಂಖ್ಯೆಯನ್ನು ಎಣಿಸುವ ಬದಲು, ಅವರ ಲ್ಯಾಬಿನಲ್ಲಿ ವಿದ್ಯಾರ್ಥಿಯೊಬ್ಬ ಕೆಟ್ಟ ಫಲಿತಾಂಶ ತಂದರೆ ಏನಾಗುತ್ತದೆ ಎಂದು ಅಲ್ಲಿನ ಹಳಬರನ್ನು ಕೇಳಿ.

ಮುಂದಿನ ಪ್ರಶ್ನೆ ಆ ಬೀಡಿನಿಂದಲೇ ಹುಟ್ಟಿತು. ಗೀರಿನಲ್ಲಿ ಕುಳಿತ ಅಷ್ಟು ಲೋಹ 79 ಶೇಕಡಾ ಕೊಡುವುದಾದರೆ, ನಾವು ಅಳೆದು ಹಾಕುವ ಪಲ್ಲಾಡಿಯಂ ಅನ್ನು ಎಷ್ಟರವರೆಗೆ ಇಳಿಸಬಹುದು? ಅದು ನನ್ನ ಥೀಸಿಸ್‌ನ ಮುಖ್ಯ ಭಾಗವಾಯಿತು. 2020ರ ಮಾರ್ಚಿನಲ್ಲಿ ಲ್ಯಾಬ್ ಮುಚ್ಚಿತು, ತೆರೆದ ಮೇಲೆ ಕೆಲಸ ಸಾಗಿತು. ಪ್ರತಿ ರಿಯಾಕ್ಷನ್‌ಗೂ ಹೊಸ ಬೀಡ್, ರಿಯಾಕ್ಷನ್‌ಗಳ ಪ್ರತಿ ಸರದಿಗೂ ಒಂದು ಬ್ಲ್ಯಾಂಕ್. ಫ್ಲಾಸ್ಕ್‌ಗಳನ್ನು ಫ್ಯೂಮ್ ಹುಡ್ಡಿನೊಳಗೆ ಆಕ್ವಾ ರೀಜಿಯಾದಲ್ಲಿ, ಅಂದರೆ ಮೂರು ಭಾಗ ಹೈಡ್ರೋಕ್ಲೋರಿಕ್ ಮತ್ತು ಒಂದು ಭಾಗ ನೈಟ್ರಿಕ್ ಆಮ್ಲದಲ್ಲಿ ತೊಳೆಯುತ್ತಿದ್ದೆವು. ಅದನ್ನು ಬೇಕಾದಾಗ ಬೇಕಾದಷ್ಟೇ ಬೆರೆಸಬೇಕು, ಮುಚ್ಚಿದ ಬಾಟಲಿಯಲ್ಲಿ ಎಂದಿಗೂ ಇಡಬಾರದು, ಅಸಿಟೋನ್ ಹತ್ತಿರ ತರಬಾರದು. ಬಾಟಲಿ ಸಿಡಿಯುತ್ತದೆ. ಹಳೆಯ ಬೀಡ್‌ಗಳನ್ನೂ ಅದರಲ್ಲಿ ನೆನೆಸಿ ನೋಡಿದೆ. ಎರಡು ಬೀಡ್‌ಗಳು ಆಮೇಲೂ ಉತ್ಪನ್ನ ಕೊಟ್ಟವು. ಅವನ್ನು ಎಸೆದೆವು.

ನನ್ನ ಮೊದಲ ಪ್ರಬಂಧದಲ್ಲಿ ಹಾವೇರಿಯ ಹುಡುಗನ ಹೆಸರೂ ಇದೆ. ಅವನು “ಆಗಲಿಲ್ಲ” ಎಂದು ಧೈರ್ಯವಾಗಿ ಹೇಳದಿದ್ದರೆ ಆ ಪ್ರಬಂಧವೇ ಇರುತ್ತಿರಲಿಲ್ಲ.

ಥೀಸಿಸ್‌ನಲ್ಲಿ ಕಬ್ಬಿಣದ ಕೆಲಸವನ್ನು ನಾನು ಬಿಡಲಿಲ್ಲ. ನಾಲ್ಕು ಫ್ಲಾಸ್ಕ್‌ಗಳ ಕೋಷ್ಟಕದೊಂದಿಗೆ ಪೂರ್ತಿ ಒಂದು ಅಧ್ಯಾಯ ಬರೆದೆ. ವೈವಾ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಬೇರೆಲ್ಲವನ್ನೂ ಬೇಗ ದಾಟಿ ಅಲ್ಲಿಗೆ ಬಂದರು. ಮೂಲ ನೋಟ್‌ಬುಕ್ ತರಿಸಿ ಫೆಬ್ರವರಿಯ ಪುಟ ನೋಡಿದರು. “ಬೀಡ್ ಬರೆದಿರಲಿಲ್ಲ, ಸರಿ. ಈಗಿನ ಪುಟಗಳಲ್ಲಿ ಇನ್ನೇನು ಬರೆದಿಲ್ಲ?” ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ. ಫ್ಲಾಸ್ಕಿನ ಸಂಖ್ಯೆ ಇತ್ತು, ಬಾಟಲಿಗಳ ಬ್ಯಾಚ್ ಸಂಖ್ಯೆ ಇತ್ತು, ಕೋಣೆಯ ಉಷ್ಣತೆಯೂ ಇತ್ತು. ಒಂದೊಂದಾಗಿ ನೋಡುತ್ತ ಹೋದೆ.

“ನೀರು, ಸರ್,” ಎಂದೆ. “ಯಾವ ಡಿಸ್ಟಿಲೇಷನ್ ಸೆಟ್‌ನಿಂದ ಬಂತು ಎಂದು ಬರೆದಿಲ್ಲ.”